ರೊಟ್ಟಿ, ಕೌದಿ ಮತ್ತು ಕೈಯ ಅರಿವು



ಮನೆಯಲ್ಲಿ ಬೇಯುವ ರೊಟ್ಟಿ, ಮನೆಯಲ್ಲಿ ಹೊಲಿಯುವ ಕೌದಿ, ಇವುಗಳ ವಿಷಯವಾಗಿ ಕೆಲವು ನಿಮಿಷ ಮಾತನಾಡಬೇಕೆಂದು ಆಕಾಶವಾಣಿಯವರು ಹೇಳಿದಾಗ ನಾನು ಸ್ವಲ್ಪ ಹಿಂಜರಿದೆ. ವಿಷಯ ಸಣ್ಣದೆಂದಲ್ಲ, ನನ್ನ ಅಧಿಕಾರ ಸಣ್ಣದೆಂದು. ಮೂವತ್ತೈದು ವರ್ಷ ಕನ್ನಡ ಸಾಹಿತ್ಯವನ್ನು ಪಾಠ ಹೇಳಿದವನು ನಾನು. ರೊಟ್ಟಿಯನ್ನು ತಿಂದು ಬಲ್ಲೆ. ಅದರ ಮೇಲೆ ಉಪನ್ಯಾಸ ಮಾಡಿಯೂ ಬಲ್ಲೆ. ನಿವೃತ್ತಿಗೆ ಮುನ್ನ ಒಮ್ಮೆ ಒಂದು ವಿಚಾರಗೋಷ್ಠಿಗಾಗಿ ಜನಪದ ಆಹಾರವನ್ನು ಕುರಿತು ಪ್ರಬಂಧ ಬರೆಯುತ್ತ ಕುಳಿತಿದ್ದೆ. ಒಳಗಿನಿಂದ ರೊಟ್ಟಿ ಬಡಿಯುವ ಸಪ್ಪಳ ಕೇಳಿಬರುತ್ತಿತ್ತು. ನನ್ನ ಮಗಳು ಬಾಗಿಲಲ್ಲಿ ನಿಂತು, “ಅಪ್ಪಾ, ರೊಟ್ಟಿ ಮ್ಯಾಲೆ ನೀವು ಬರೀತೀರಿ, ರೊಟ್ಟಿ ಅವ್ವ ಬಡೀತಾಳ. ಚೊಲೋ ಹಂಚಿಕೊಂಡೀರಿ” ಎಂದಳು. ಅಂದು ನಕ್ಕು ಸುಮ್ಮನಾದೆ. ಆ ಮಾತು ಮಾತ್ರ ಸುಮ್ಮನಾಗಲಿಲ್ಲ. ಇಂದಿನ ಈ ಭಾಷಣವನ್ನು ಅದಕ್ಕೆ ತಡವಾಗಿ ಕೊಟ್ಟ ಉತ್ತರವೆಂದು ತಿಳಿಯಬಹುದು.

ಪುಸ್ತಕದ ಮನುಷ್ಯನಾದುದರಿಂದ ಪುಸ್ತಕದಿಂದಲೇ ಆರಂಭಿಸುತ್ತೇನೆ. ನಮ್ಮ ಭಾಷೆಯಲ್ಲಿ ಅಡುಗೆಯ ಬರವಣಿಗೆಗೆ ದೀರ್ಘವಾದ ಪರಂಪರೆಯಿದೆ. ಕ್ರಿ.ಶ. 1025ರ ಸುಮಾರಿಗೆ ಎರಡನೆಯ ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ದಲ್ಲಿ ವಾಸ್ತು, ವೃಕ್ಷಾಯುರ್ವೇದ, ಸುಗಂಧ ದ್ರವ್ಯಗಳ ಜೊತೆಗೆ ಸೂಪಶಾಸ್ತ್ರಕ್ಕೂ ಸ್ಥಾನವುಂಟು. ಹದಿನಾರನೆಯ ಶತಮಾನದ ಆರಂಭದಲ್ಲಿದ್ದ ಮೂರನೆಯ ಮಂಗರಸನು ‘ಸೂಪಶಾಸ್ತ್ರ’ವೆಂಬ ಇಡಿಯ ಗ್ರಂಥವನ್ನೇ ಷಟ್ಪದಿಯಲ್ಲಿ ಬರೆದನು. ಅದರಲ್ಲಿ ಹಿಟ್ಟಿನ ಪಾಕಗಳಿಗಾಗಿಯೇ ಒಂದು ಅಧ್ಯಾಯವಿದೆ. ಅಲ್ಲಿ ಬರುವ ಮುಚ್ಚಳ ರೊಟ್ಟಿಯನ್ನು ಕೆಳಗೂ ಮೇಲೂ ಕೆಂಡವಿಟ್ಟು ಬೇಯಿಸುತ್ತಾರೆ. ಇಂದು ಬೇಕರಿಯವನು ಭಟ್ಟಿಯಲ್ಲಿ ಮಾಡುವುದನ್ನೇ ನಮ್ಮ ಹಿರಿಯರು ಎರಡು ಪಾತ್ರೆ, ಒಂದು ಹಿಡಿ ಕೆಂಡದಲ್ಲಿ ಮಾಡುತ್ತಿದ್ದರು.

ಎಂ.ಎ. ತರಗತಿಯಲ್ಲಿ ಒಮ್ಮೆ ಈ ಮುಚ್ಚಳ ರೊಟ್ಟಿಯ ಪ್ರಸಂಗವನ್ನು ವಿವರಿಸುತ್ತಿದ್ದೆ. ಪದದ ವ್ಯುತ್ಪತ್ತಿ, ಪಾಠಾಂತರ, ಛಂದಸ್ಸು ಎಲ್ಲವೂ ಮುಗಿದವು. ಹಿಂದಿನ ಬೆಂಚಿನಲ್ಲಿದ್ದ ಹಳ್ಳಿಯ ಹುಡುಗಿಯೊಬ್ಬಳು ಎದ್ದುನಿಂತು, “ಸರ್, ಕೆಳಗಿನ ಕೆಂಡ ಕಡಿಮಿ ಇರಬೇಕ್ರಿ, ಮ್ಯಾಲಿನ್ದು ಹೆಚ್ಚ ಇರಬೇಕು. ಇಲ್ಲಂದ್ರ ತಳ ಹೊತ್ತತದ, ಮ್ಯಾಲೆ ಹಸಿ ಉಳೀತದ” ಎಂದಳು. ತರಗತಿ ನಕ್ಕಿತು. ನನಗೆ ನಗು ಬರಲಿಲ್ಲ. ಪದ್ಯವನ್ನು ನಾನು ಬಲ್ಲವನಾಗಿದ್ದೆ. ಪದಾರ್ಥವನ್ನು ಬಲ್ಲವಳು ಅವಳು. ‘ಪದಾರ್ಥ’ವೆಂಬ ನಮ್ಮ ಮಾತಿಗೆ ಪದದ ಅರ್ಥವೆಂದೂ ವಸ್ತುವೆಂದೂ ಎರಡು ಅರ್ಥಗಳಿರುವುದು ಎಷ್ಟು ಉಚಿತವೆಂದು ಅಂದು ನನಗೆ ಹೊಳೆಯಿತು. ಅವಳ ಮಾತನ್ನು ನನ್ನ ಪ್ರತಿಯ ಅಂಚಿನಲ್ಲಿ ಬರೆದುಕೊಂಡೆ. ಬರೆದುಕೊಂಡೆನೇ ಹೊರತು ಮನೆಗೆ ಬಂದು ಒಲೆಯ ಮುಂದೆ ಕೂರಲಿಲ್ಲ.

ಒಲೆಯ ಮುಂದೆ ನನ್ನನ್ನು ಕೂರಿಸಿದುದು ಒಂದು ಅಪಘಾತ. ನಾನು ನಿವೃತ್ತನಾದ ಮರುವರ್ಷ ಶ್ರಾವಣದಲ್ಲಿ ನನ್ನ ಹೆಂಡತಿ ಹಿತ್ತಲಿನ ಪಾಚಿಗಟ್ಟಿದ ಕಲ್ಲಿನ ಮೇಲೆ ಜಾರಿ ಬಿದ್ದಳು. ಬಲಗೈಯ ಮಣಿಕಟ್ಟು ಮುರಿಯಿತು. ಆರು ವಾರ ಪ್ಲಾಸ್ಟರು. ಮಕ್ಕಳು ದೂರದ ಊರುಗಳಲ್ಲಿ. ಮೊದಲ ನಾಲ್ಕು ದಿನ ಅಂಗಡಿಯಿಂದ ಖಡಕ್ ರೊಟ್ಟಿ ತಂದೆ. ಐದನೆಯ ದಿನ ಆಕೆ, “ಬಿಸಿ ರೊಟ್ಟಿ ತಿನ್ನಬೇಕು ಅನಸೇದ್ರಿ” ಎಂದಳು. ಮೂವತ್ತೈದು ವರ್ಷಗಳ ದಾಂಪತ್ಯದಲ್ಲಿ ಊಟದ ವಿಷಯವಾಗಿ ಆಕೆ ತನಗಾಗಿ ಕೇಳಿದ ಮೊದಲ ಮಾತು ಅದೇ ಇರಬೇಕು. ನಾನು ಹಿಟ್ಟಿನ ಡಬ್ಬಿಯನ್ನು ಇಳಿಸಿದೆ.

ಜೋಳದ ರೊಟ್ಟಿ ಸುಲಭವೆಂದು ತಿಳಿದವರು ಒಮ್ಮೆ ಬಡಿದು ನೋಡಬೇಕು. ಗೋಧಿಯ ಹಿಟ್ಟಿನಲ್ಲಿ ಗ್ಲುಟೆನ್ ಎಂಬ ಅಂಟು ಪದಾರ್ಥವಿದೆ. ನೀರು ತಗುಲಿದೊಡನೆ ಅದು ಹಿಗ್ಗಿ ಕುಗ್ಗುವ ಗುಣವನ್ನು ತಾಳುತ್ತದೆ. ಆದುದರಿಂದ ಚಪಾತಿಯನ್ನು ಲಟ್ಟಿಸಬಹುದು. ಜೋಳದಲ್ಲಿ ಆ ಅಂಟು ಇಲ್ಲ. ತಣ್ಣೀರಿನಲ್ಲಿ ಕಲಸಿದರೆ ಮರಳಿನ ಹಾಗೆ ಒಡೆಯುತ್ತದೆ. ಇದಕ್ಕೆ ನಮ್ಮ ಹೆಣ್ಣುಮಕ್ಕಳು ಕಂಡುಕೊಂಡ ಉಪಾಯವೇ ಎಸರು. ಕುದಿಯುವ ನೀರನ್ನು ಹಿಟ್ಟಿಗೆ ಸೇರಿಸಿದಾಗ ಅದರಲ್ಲಿನ ಪಿಷ್ಟ ಅರ್ಧ ಬೆಂದು ಅಂಟಾಗುತ್ತದೆ. ಅದನ್ನೇ ‘ಜಿಗಿ’ ಎನ್ನುವುದು. ಹಿಟ್ಟು ಹೊಸದಿದ್ದಷ್ಟೂ ಜಿಗಿ ಹೆಚ್ಚು. ಬೀಸಿ ಬಹಳ ದಿನವಾದರೆ ಜಿಗಿಯೂ ಹೋಗುತ್ತದೆ, ರುಚಿಯೂ ಕಹಿಗೆ ತಿರುಗುತ್ತದೆ. ನಮ್ಮ ತಾಯಂದಿರು ತಿಂಗಳ ಹಿಟ್ಟನ್ನು ಒಮ್ಮೆಲೇ ಬೀಸಿಡದೆ ಎರಡು ದಿನಕ್ಕೊಮ್ಮೆ ಬೀಸುತ್ತಿದ್ದುದು ಈ ಕಾರಣದಿಂದ. ಯಾವ ಪ್ರಯೋಗಶಾಲೆಯೂ ಅವರಿಗೆ ಇದನ್ನು ಹೇಳಿಕೊಡಲಿಲ್ಲ.

ನನ್ನ ಹೆಂಡತಿ ಪ್ಲಾಸ್ಟರಿನ ಕೈಯನ್ನು ಮಡಿಲಲ್ಲಿಟ್ಟುಕೊಂಡು ಮಣೆಯ ಮೇಲೆ ಕುಳಿತಳು. ನಾನು ನಾದತೊಡಗಿದೆ. “ಜಗ್ಗಿ ನಾದ್ರಿ. ಅದು ಹಿಟ್ಟರೀ, ಹರೀತದಂತ ಅಂಜಾಕ ಪುಸ್ತಕಲ್ಲ” ಎಂದಳು. ಉಂಡೆ ಮಾಡಿ ಹಲಗೆಯ ಮೇಲೆ ಬಡಿದೆ. ಅಂಗೈಯಗಲ ಆಗುವುದರೊಳಗೆ ಅಂಚು ಸೀಳಿತು. ಮತ್ತೆ ಮುದ್ದೆ ಮಾಡಿ ಬಡಿದೆ. ಈ ಸಲ ಹಲಗೆಗೆ ಹತ್ತಿಕೊಂಡಿತು. “ನೂಕಬ್ಯಾಡ್ರಿ. ಬಡೀತಾ ಬಡೀತಾ ತಿರುಗಿಸ್ರಿ. ಅದು ತಾನ ದುಂಡಗಾಗತದ.” ಅದು ತಾನೇ ದುಂಡಗಾಗಲಿಲ್ಲ. ಮೂರನೆಯದನ್ನು ಹೇಗೋ ಎತ್ತಿ ಹಂಚಿಗೆ ಹಾಕುವಷ್ಟರಲ್ಲಿ ನಡುವೆ ಮುರಿಯಿತು.

ಹಂಚಿನ ಮೇಲೆ ಹಾಕಿದ ಮೇಲೂ ಕೆಲಸ ಮುಗಿಯುವುದಿಲ್ಲ. ಒಣಹಿಟ್ಟು ಹತ್ತಿದ ಮೇಲ್ಮೈಯನ್ನು ಒದ್ದೆ ಬಟ್ಟೆಯಿಂದ ಸವರಬೇಕು. ಅದು ಬರಿಯ ಹಿಟ್ಟು ತೊಳೆಯುವುದಕ್ಕಲ್ಲ. ಆ ನೀರಿನಿಂದ ಮೇಲ್ಪದರದ ಬಿರುಕುಗಳು ಮುಚ್ಚಿ, ಒಳಗಿನ ಹಬೆ ಹೊರಗೆ ಹೋಗದೆ ರೊಟ್ಟಿ ಉಬ್ಬುತ್ತದೆ. ನೀರು ಆರುವ ಮುನ್ನ ತಿರುವಿದರೆ ಹಂಚಿಗೆ ಅಂಟುತ್ತದೆ. ಆರಿ ಬಹಳ ಹೊತ್ತಾದರೆ ಬಿರಿಯುತ್ತದೆ. ಆ ಕ್ಷಣ ಯಾವುದು? ಗಡಿಯಾರ ಅದನ್ನು ಹೇಳಲಾರದು. ಮೇಲ್ಮೈಯ ಹೊಳಪು ಮಾಸುವುದನ್ನು ಕಣ್ಣು ಗುರುತಿಸಬೇಕು. “ಯಾವಾಗ ತಿರುವಬೇಕು?” ಎಂದು ಕೇಳಿದರೆ ನನ್ನ ಹೆಂಡತಿ, “ಈಗ” ಎನ್ನುತ್ತಿದ್ದಳು. “ಅದು ಹೆಂಗ ಗೊತ್ತಾತು?” ಎಂದರೆ, “ಗೊತ್ತಾಗತದರೀ” ಎನ್ನುತ್ತಿದ್ದಳು. ಮೊದಲು ನನಗೆ ಸಿಟ್ಟು ಬಂದಿತು. ಆಮೇಲೆ ತಿಳಿಯಿತು: ಆಕೆ ಏನನ್ನೂ ಮುಚ್ಚಿಡುತ್ತಿರಲಿಲ್ಲ. ಆ ಅರಿವು ಇದ್ದದ್ದು ಆಕೆಯ ಕೈಯಲ್ಲಿ, ಕಣ್ಣಿನಲ್ಲಿ. ನಾಲಗೆಗೆ ಅದು ಎಂದೂ ಬಂದಿರಲಿಲ್ಲ. ಬರಬೇಕೆಂದು ಯಾರೂ ಕೇಳಿಯೂ ಇರಲಿಲ್ಲ.

ಆ ಆರು ವಾರಗಳಲ್ಲಿ ಒಂದು ರಾತ್ರಿ ನಿದ್ದೆ ಬಾರದೆ ಲೆಕ್ಕ ಹಾಕಿದೆ. ತುಂಬಿದ ಮನೆಯ ನಮ್ಮ ಸಂಸಾರಕ್ಕೆ ದಿನಕ್ಕೆ ಹದಿನೈದು ರೊಟ್ಟಿಯಾದರೂ ಬೇಕಿತ್ತು. ವರ್ಷಕ್ಕೆ 5,475. ಮೂವತ್ತೈದು ವರ್ಷಕ್ಕೆ 1,91,625. ನಾನು ಬರೆದ ಲೇಖನಗಳ ಪಟ್ಟಿ ನಿವೃತ್ತಿಯ ದಿನದ ಅಭಿನಂದನ ಪತ್ರದಲ್ಲಿ ಅಚ್ಚಾಗಿತ್ತು. ಅವು ನಲವತ್ತಕ್ಕೆ ಮೀರವು. ಈ 1,91,625 ಯಾವ ಪತ್ರದಲ್ಲಿಯೂ ಅಚ್ಚಾಗಿಲ್ಲ. ಇದು ನನ್ನ ಮನೆಯೊಂದರ ಕಥೆಯಲ್ಲ. 2019ರಲ್ಲಿ ಭಾರತ ಸರಕಾರ ನಡೆಸಿದ ಸಮಯ ಬಳಕೆಯ ಸಮೀಕ್ಷೆಯ ಪ್ರಕಾರ, ನಮ್ಮ ದೇಶದ ಹೆಂಗಸರಲ್ಲಿ ನೂರಕ್ಕೆ 81 ಮಂದಿ ದಿನವೂ ಸಂಬಳವಿಲ್ಲದ ಮನೆಗೆಲಸ ಮಾಡುತ್ತಿದ್ದರು. ಗಂಡಸರಲ್ಲಿ ನೂರಕ್ಕೆ 26 ಮಂದಿ. ಹಾಗೆ ದುಡಿಯುವ ಹೆಂಗಸಿಗೆ ದಿನಕ್ಕೆ ಸರಾಸರಿ 299 ನಿಮಿಷ ಹಿಡಿಯುತ್ತಿತ್ತು. ಗಂಡಸಿಗೆ 97 ನಿಮಿಷ. ಹತ್ತಿರ ಹತ್ತಿರ ಐದು ತಾಸು ಒಂದು ಕಡೆ, ಒಂದೂವರೆ ತಾಸು ಇನ್ನೊಂದು ಕಡೆ. ನಮ್ಮ ಗೃಹಕಲೆಗಳನ್ನು ಹೊಗಳುವ ಮುನ್ನ ಈ ಅಂಕಿಗಳನ್ನು ಎದುರಿಗಿಟ್ಟುಕೊಳ್ಳುವುದು ಲೇಸು.

ಏಕೆಂದರೆ ಹೊಗಳುವುದು ಬಹಳ ಸುಲಭ. ಬೀಸುವ ಕಲ್ಲು ಹೋಯಿತು, ಬೀಸುವ ಹಾಡು ಹೋಯಿತು ಎಂದು ಎಷ್ಟು ಸಭೆಗಳಲ್ಲಿ ನಾನೇ ಮರುಗಿಲ್ಲ! ಆ ಹಾಡುಗಳು ನಮ್ಮ ಭಾಷೆಯ ದೊಡ್ಡ ಸಂಪತ್ತೆಂಬುದರಲ್ಲಿ ಸಂಶಯವಿಲ್ಲ. ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಸಂಕಲನವನ್ನು ಹೊರತರದಿದ್ದರೆ ಅವುಗಳಲ್ಲಿ ಎಷ್ಟೋ ಕಲ್ಲಿನೊಡನೆಯೇ ಮೂಲೆ ಸೇರುತ್ತಿದ್ದವು. ಆದರೆ ನಮ್ಮ ಊರಿಗೆ ಹಿಟ್ಟಿನ ಗಿರಣಿ ಬಂದ ದಿನ ನನಗೆ ಚೆನ್ನಾಗಿ ನೆನಪಿದೆ. ನಾನು ಮೂರನೆಯ ಇಯತ್ತೆಯಲ್ಲಿದ್ದೆ. ನನ್ನ ತಾಯಿ ನಸುಕಿನಲ್ಲಿ ನಾಲ್ಕು ಗಂಟೆಗೆದ್ದು ಬೀಸುವವಳು. ಗಿರಣಿಯಿಂದ ಮೊದಲ ಹಿಟ್ಟು ತಂದ ಸಂಜೆ ಆಕೆ ಹಾಡು ಹೋಯಿತೆಂದು ಮರುಗಲಿಲ್ಲ. “ಇನ್ನ ಮ್ಯಾಲೆ ಒಂದು ತಾಸು ಹೆಚ್ಚಿಗಿ ಮಲಗತೇನಿ” ಎಂದಳು. ಬೀಸುವ ಕಲ್ಲು ಹೋಯಿತೆಂದು ಅಳುವವರಲ್ಲಿ ಬೀಸಿದವರು ಬಹಳ ಕಡಿಮೆ. ಆದುದರಿಂದ ಹಳೆಯದೆಲ್ಲ ಮರಳಿ ಬರಲಿ ಎಂದು ನಾನು ಹೇಳಲಾರೆ. ಭಾರ ಇಳಿದುದು ಒಳ್ಳೆಯದಾಯಿತು. ಭಾರದೊಡನೆ ಅರಿವೂ ಇಳಿದುಹೋಗಬೇಕೇ ಎಂಬುದಷ್ಟೇ ನನ್ನ ಪ್ರಶ್ನೆ.

ಈಗ ಕೌದಿಯ ಮಾತು. ನನ್ನ ತಾಯಿ ಬಿಟ್ಟುಹೋದ ವಸ್ತುಗಳಲ್ಲಿ ನನ್ನ ಪಾಲಿಗೆ ಬಂದುದು ಒಂದು ಕೌದಿ. ನಮ್ಮ ಉತ್ತರ ಕರ್ನಾಟಕದ ಕೇಳುಗರಿಗೆ ಕೌದಿಯ ಪರಿಚಯ ಬೇಡ. ಉಳಿದವರಿಗಾಗಿ ಹೇಳುತ್ತೇನೆ. ಹಳೆಯ ಸೀರೆ, ಧೋತರ, ಅಂಗಿ, ಲಂಗಗಳನ್ನು ಒಗೆದು ಪದರ ಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನು ಜೋಡಿಸಿ, ಅಂಚಿನಿಂದ ಅಂಚಿಗೆ ಒತ್ತೊತ್ತಾಗಿ ಸಾಲು ಹೊಲಿಗೆ ಹಾಕಿ ಮಾಡಿದ ಹೊದಿಕೆ ಇದು. ಅದರಲ್ಲಿ ಕೊಂಡು ತಂದ ವಸ್ತುವೆಂದರೆ ಸೂಜಿ, ದಾರ ಮಾತ್ರ. ಹಾಸಿದರೆ ಹಾಸಿಗೆ, ಹೊದ್ದರೆ ಹೊದಿಕೆ, ಮಡಿಸಿಟ್ಟರೆ ಬಂದವರಿಗೆ ಕೂರುವ ಆಸನ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಡೆಯ ಸಿದ್ದಿ ಹೆಣ್ಣುಮಕ್ಕಳ ಕೌದಿಗಳು ಈಗ ದೇಶ ವಿದೇಶಗಳ ಪ್ರದರ್ಶನಗಳಿಗೂ ಹೋಗಿವೆ. ಅವರು ನಾಲ್ಕು ಮೂಲೆಗಳಿಗೆ ಬಟ್ಟೆಯನ್ನು ಮಡಿಸಿ ಹೂವಿನಂತೆ ಕೂಡಿಸುತ್ತಾರೆ; ಆ ಹೂವಿಲ್ಲದೆ ಕೌದಿ ಪೂರ್ತಿಯಾದಂತಲ್ಲ.

ನಮ್ಮ ಧಾರವಾಡದ ಕಸೂತಿಗೆ ಹೆಸರು ಬಂದಿದೆ, ಬರತಕ್ಕದ್ದೇ. ಗವಂತಿ, ಮುರಗಿ, ನೇಗಿ, ಮೆಂತೆ ಎಂಬ ನಾಲ್ಕು ಬಗೆಯ ಹೊಲಿಗೆಗಳಲ್ಲಿ, ಚಿತ್ರ ಬರೆದುಕೊಳ್ಳದೆ, ಬಟ್ಟೆಯ ಎಳೆಗಳನ್ನು ಎಣಿಸುತ್ತ ತೇರು, ಗೋಪುರ, ತುಳಸಿಕಟ್ಟೆಗಳನ್ನು ಮೂಡಿಸುವುದು ಸಾಮಾನ್ಯ ವಿದ್ಯೆಯಲ್ಲ. ಆದರೆ ಕಸೂತಿ ಮದುವೆಯ ಸೀರೆಯ ಕೆಲಸ. ಕೌದಿ ಹರಿದ ಸೀರೆಯ ಕೆಲಸ. ಆದುದರಿಂದಲೇ ಇರಬೇಕು, ಕಸೂತಿಯನ್ನು ನಾವು ಕಲೆ ಎಂದೆವು. ಕೌದಿಯನ್ನು ಬಡತನ ಎಂದೆವು.

ನನ್ನ ತಾಯಿಯ ಕೌದಿ ಎರಡು ಕಡೆ ಜೀರ್ಣವಾಗಿ ಹೊಲಿಗೆ ಬಿಚ್ಚಿತ್ತು. ಮನೆಯಲ್ಲಿ ಅದನ್ನು ಸರಿಪಡಿಸಬಲ್ಲವರು ಯಾರೂ ಇರಲಿಲ್ಲ. ನನ್ನ ಹೆಂಡತಿಗೆ ಮೊದಲಿನಿಂದ ಹೊಲಿಗೆಯ ರೂಢಿ ಕಡಿಮೆ. ಮಗಳು ಹೊಸ ರಗ್ಗು ತಂದುಕೊಟ್ಟಿದ್ದಳು. ಎಸೆಯಲು ಮನಸ್ಸಿಲ್ಲದೆ, ಇಟ್ಟುಕೊಳ್ಳುವ ವಿಧಾನ ತಿಳಿಯದೆ ಅದನ್ನು ಪೆಟ್ಟಿಗೆಯ ಮೇಲೆ ಇಟ್ಟಿದ್ದೆವು. ಒಂದು ದಿನ ಬಿಚ್ಚಿದ ಸೀಳಿನಲ್ಲಿ ಬೆರಳಾಡಿಸಿದೆ. ಮೇಲಿನ ಪದರ ನನ್ನ ತಾಯಿಯ ಇಳಕಲ್ ಸೀರೆ. ಅದರ ಕೆಳಗೆ ತಂದೆಯ ಧೋತರ. ಅದರ ಕೆಳಗೆ, ಬಣ್ಣ ಮಾಸಿದ ನೀಲಿ ಗೆರೆಯ ಒಂದು ತುಂಡು. ಗುರುತಿಸಲು ಸ್ವಲ್ಪ ಹೊತ್ತು ಬೇಕಾಯಿತು. ಅದು ನಾನು ಶಾಲೆಗೆ ಹಾಕಿಕೊಂಡು ಹೋಗುತ್ತಿದ್ದ ಅಂಗಿ. ಐವತ್ತು ವರ್ಷಗಳ ಕಾಲ ನನ್ನ ಬಾಲ್ಯವನ್ನು ನಾನೇ ಹೊದ್ದು ಮಲಗಿದ್ದೆ, ನನಗೆ ತಿಳಿದಿರಲಿಲ್ಲ. ನಮ್ಮ ಮನೆತನದ ಚರಿತ್ರೆಯನ್ನು ಯಾರೂ ಬರೆದಿಲ್ಲವೆಂದು ನಾನು ಕೊರಗುತ್ತಿದ್ದೆ. ಅಕ್ಷರ ಬಾರದ ನನ್ನ ತಾಯಿ ಅದನ್ನು ಸೂಜಿಯಿಂದ ಬರೆದಿಟ್ಟಿದ್ದಳು.

ಈ ಕೆಲಸಗಳಿಗೆ ಗೌರವ ಕೊಡುವುದನ್ನು ನಮ್ಮ ನಾಡು ಅರಿಯದೆ ಇಲ್ಲ. ಹನ್ನೆರಡನೆಯ ಶತಮಾನದಲ್ಲಿ ಶರಣರು ಕಾಯಕವನ್ನು ಎತ್ತಿ ಹಿಡಿದಾಗ, ಭತ್ತ ಕುಟ್ಟುವ ಕೊಟ್ಟಣದ ಸೋಮಮ್ಮ, ನೂಲು ತೆಗೆಯುವ ಕದಿರ ರೆಮ್ಮವ್ವೆ, ಅಕ್ಕಿ ಆಯುವ ಆಯ್ದಕ್ಕಿ ಲಕ್ಕಮ್ಮ ಇವರೆಲ್ಲ ತಮ್ಮ ಕೆಲಸದ ಹೆಸರಿನಿಂದಲೇ ವಚನಕಾರರ ಸಾಲಿನಲ್ಲಿ ನಿಂತರು. ಮನೆಯ ಕೆಲಸ ಹೆಸರಿನ ಮುಂದೆ ಬಿರುದಾಗಿ ನಿಂತ ಕಾಲ ಅದು. ಇಂದಿಗೂ ನಮ್ಮ ಕಡೆ ನಾಗರ ಪಂಚಮಿಯ ಮುನ್ನಾದಿನಗಳಲ್ಲಿ ರೊಟ್ಟಿ ಹಬ್ಬ ನಡೆಯುತ್ತದೆ. ಜೋಳದ ರೊಟ್ಟಿ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಬಗೆ ಬಗೆಯ ಪಲ್ಯ, ಚಟ್ನಿ ಮನೆಯಿಂದ ಮನೆಗೆ ಹೋಗುತ್ತವೆ. ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯ ದಾಸೋಹಕ್ಕೆ ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳು ರೊಟ್ಟಿ ಬಡಿದು ಕಳುಹಿಸುತ್ತಾರೆ. ಬಂಡಿಗಟ್ಟಲೆ ರೊಟ್ಟಿ ಬರುತ್ತದೆ. ಯಾವ ಮನೆಯ ರೊಟ್ಟಿ ಯಾರ ತಾಟಿಗೆ ಬಿತ್ತೆಂದು ಅಲ್ಲಿ ಯಾರೂ ಕೇಳುವುದಿಲ್ಲ.

2023ನೆಯ ಇಸವಿಯನ್ನು ವಿಶ್ವಸಂಸ್ಥೆಯು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿತು. ಜೋಳ, ಸಜ್ಜೆ, ನವಣೆಗಳಿಗೆ ಮಾನ ಬಂದಿತು. ನಮ್ಮ ಊರುಗಳಲ್ಲಿ ಹೆಣ್ಣುಮಕ್ಕಳ ಸಂಘಗಳು ರೊಟ್ಟಿ ಮಾಡಿ ಮಾರುತ್ತಿವೆ. ಇದನ್ನು ಕಂಡು ಮೂಗು ಮುರಿಯುವವರಿದ್ದಾರೆ: ಮನೆಯ ರೊಟ್ಟಿ ಅಂಗಡಿಗೆ ಬಂದಿತು ಎಂದು. ನಾನು ಹಾಗೆ ಮೂಗು ಮುರಿಯಲಾರೆ. ಒಂದು ರೊಟ್ಟಿಗೆ ಇಷ್ಟು ರೂಪಾಯಿ ಎಂದಾದ ದಿನವೇ ಅದರ ಹಿಂದೆ ದುಡಿಮೆಯಿದೆ ಎಂಬುದು ಎಷ್ಟೋ ಗಂಡಸರಿಗೆ ತಿಳಿದದ್ದು. ಆದರೆ ಕೊಳ್ಳುವವರು ಮಾತ್ರ ಹೆಚ್ಚಿ, ಬಲ್ಲವರು ಕಡಿಮೆಯಾಗುತ್ತ ಹೋದರೆ ಈ ವಿದ್ಯೆ ಕೆಲವೇ ಕೈಗಳಲ್ಲಿ ಉಳಿಯುತ್ತದೆ. ಉಣ್ಣುವ ಎಲ್ಲರೂ ಸ್ವಲ್ಪ ಸ್ವಲ್ಪವಾದರೂ ಬಲ್ಲವರಾದರೆ ಅದು ಯಾರಿಗೂ ಭಾರವಾಗದು, ಯಾರೊಬ್ಬರ ಕೈ ಮುರಿದರೂ ಅಳಿಯದು. ಹೆಣ್ಣುಮಕ್ಕಳಿಗೆ ಓದು ಕಲಿಸಬೇಕೆಂದು ನಮ್ಮ ಹಿಂದಿನವರು ಹೋರಾಡಿದರು. ಗಂಡುಮಕ್ಕಳಿಗೆ ರೊಟ್ಟಿ ಕಲಿಸಬೇಕೆಂದು ನಾವು ಅಷ್ಟೇ ಗಂಭೀರವಾಗಿ ಹೇಳಬೇಕಾಗಿದೆ.

ಕೊನೆಗೆ ಆ ಕೌದಿಯ ಗತಿ ಏನಾಯಿತೆಂದು ಹೇಳಿ ಮುಗಿಸುತ್ತೇನೆ. ಹೆಂಡತಿಯ ಕೈ ಕೂಡಿತು; ಭಾರ ಎತ್ತಿದರೆ ನೋವು ಮಾತ್ರ ಉಳಿಯಿತು. ಬೆಳಗಿನ ರೊಟ್ಟಿ ಅಂದಿನಿಂದ ನನ್ನ ಪಾಲಿಗೇ ಬಂದಿದೆ. ಮರುವರ್ಷದ ಬೇಸಗೆಯಲ್ಲಿ ನಮ್ಮ ಓಣಿಯ ಹಿರಿಯ ಹೆಣ್ಣುಮಗಳೊಬ್ಬಳು, ಒಂದು ಕಾಲಕ್ಕೆ ಮನೆ ಮನೆಗೆ ಹೋಗಿ ಕೌದಿ ಹೊಲಿಯುತ್ತಿದ್ದವಳು, ಪಡಸಾಲೆಯಲ್ಲಿ ಕುಳಿತು ಅದನ್ನು ಸರಿಪಡಿಸಿಕೊಟ್ಟಳು. ನಾನು ಪಕ್ಕದಲ್ಲಿ ಕುಳಿತು ಸೂಜಿಗೆ ದಾರ ಪೋಣಿಸಿದೆ. ಆಕೆ ಹೇಳಿಕೊಟ್ಟಂತೆ ಎರಡು ಸಾಲು ಹೊಲಿದೆ ಕೂಡ. ಅವು ಸೊಟ್ಟಗಿವೆ, ಇಂದಿಗೂ ಗುರುತಿಸಬಹುದು. ನಾಲ್ಕನೆಯ ಮೂಲೆಯನ್ನು ಮುಚ್ಚುವ ಮುನ್ನ ಆಕೆ ಕೈ ತಡೆದು, “ಮಾಸ್ತರ್ರ, ಒಂದು ತುಣುಕು ರೊಟ್ಟಿ ಕೊಡ್ರಿ” ಎಂದಳು. ಹಸಿವಾಗಿದೆಯೆಂದು ತಿಳಿದು ನಾನು ತಾಟಿನಲ್ಲಿ ರೊಟ್ಟಿ, ಪಲ್ಯ ತಂದೆ. ಆಕೆ ಅದರಿಂದ ಚಿಕ್ಕ ಚೂರನ್ನು ಮುರಿದು ಕೌದಿಯ ಮೂಲೆಯಲ್ಲಿಟ್ಟಳು. “ಕೌದಿ ಹೊಟ್ಟಿ ಹಸದಿರಬಾರದರೀ. ಅದರ ಹೊಟ್ಟಿ ತುಂಬಿದ್ರ ಹೊದ್ದವರ ಹೊಟ್ಟಿ ತುಂಬಿರತದ.” “ಅಕ್ಕಾ, ಇರಿವಿ ಬರೂದಿಲ್ಲೇನು?” ಎಂದೆ. ನಾನು ಕೇಳಿದ್ದು ಪಂಡಿತನ ಪ್ರಶ್ನೆ. “ಬಂದ್ರ ಅವೂ ಉಂಡು ಹೋಗತಾವ” ಎಂದು ಆಕೆ ಹೊಲಿಗೆ ಹಾಕಿದಳು.

ಹೊಲಿದು ಮುಗಿದ ಮೇಲೆ ತಾಟನ್ನು ಮುಂದೆಳೆದುಕೊಂಡು, ಉಳಿದ ರೊಟ್ಟಿಯನ್ನು ಎತ್ತಿ ತಿರುಗಿಸಿ ನೋಡಿದಳು. “ಇದು ಅಕ್ಕಾರ ಬಡದದ್ದಲ್ಲ” ಎಂದಳು. ಒಳಗಿನಿಂದ ನನ್ನ ಹೆಂಡತಿ ನಗುವುದು ಕೇಳಿಸಿತು. ನಾನು ತಪ್ಪೊಪ್ಪಿಕೊಂಡೆ. ಆಕೆ ಒಂದು ತುತ್ತು ಮುರಿದು ಬಾಯಿಗಿಟ್ಟು, ನಿಧಾನವಾಗಿ ಅಗಿದು, “ದುಂಡಗಾಗಿಲ್ಲ. ಬೆಂದದ” ಎಂದಳು. ಮೂವತ್ತೈದು ವರ್ಷ ಪರೀಕ್ಷೆಯ ಉತ್ತರಪತ್ರಿಕೆಗಳಿಗೆ ಅಂಕ ಹಾಕಿದವನು ನಾನು. ನನಗೆ ದೊರೆತ ಅಂಕಗಳಲ್ಲಿ ಇದನ್ನೇ ದೊಡ್ಡದೆಂದು ತಿಳಿದಿದ್ದೇನೆ.

(ಆಕಾಶವಾಣಿಯಲ್ಲಿ ಪ್ರಸಾರವಾದ ಭಾಷಣ)